ಗಾಡಿ ಹೋಗದ ದಾರಿಯಲ್ಲಿ ರೋಗಿಯನ್ನು ತರುವುದು: ನನ್ನ ಅನುಭವ

ಕೊಡಗಿನಲ್ಲಿ ಆಂಬುಲೆನ್ಸ್ ಕೆಲಸದ ಕಷ್ಟ ಎಲ್ಲ ಗಾಡಿಯ ಹೊರಗೇ ಇದೆ. ತೋಟದ ಗೇಟಿನ ಹತ್ತಿರ ಗಾಡಿ ನಿಲ್ಲುತ್ತದೆ. ಅಲ್ಲಿಂದ ಲೈನ್ ಮನೆಗೆ, ಅಂದರೆ ತೋಟದ ಕೆಲಸಗಾರರ ಸಾಲು ಮನೆಗೆ, ಮಣ್ಣು ಕಡಿದು ಮಾಡಿದ ಮೆಟ್ಟಿಲು, ಕಾಫಿ ಗಿಡಗಳ ಸಂದು, ಮಳೆಗಾಲದಲ್ಲಿ ಪಾಚಿ, ಜಿಗಣೆ. ನಾವು ಇರುವುದು ಇಬ್ಬರೇ. ಇಎಂಟಿ, ಅಂದರೆ ತುರ್ತು ಚಿಕಿತ್ಸೆ ಕೊಡುವವನು ನಾನು, ಗಾಡಿ ಓಡಿಸುವ ಪೈಲಟ್ ಒಬ್ಬರು.

ಮೊಣಕಾಲು ಮಡಿಸಿ, ಬೆನ್ನು ನೇರ ಇಟ್ಟು ಎತ್ತಿ ಅಂತ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ತಪ್ಪಲ್ಲ. ಆದರೆ ಮಂಚ ಮೂರು ಕಡೆ ಗೋಡೆಗೆ ತಾಗಿರುವ ಕೋಣೆಯಲ್ಲಿ ಬೆನ್ನು ನೇರ ಇಡಲು ಜಾಗ ಎಲ್ಲಿ? ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಯೋಶ್ (NIOSH) ಸಂಸ್ಥೆಯ 1991ರ ಸೂತ್ರದಲ್ಲಿ, ಎಲ್ಲ ಅನುಕೂಲ ಇದ್ದರೂ ಒಬ್ಬರು ಎತ್ತುವ ಭಾರಕ್ಕೆ ಮಿತಿ 23 ಕೆಜಿ. ರೋಗಿಯನ್ನು ಕೈಯಲ್ಲಿ ಎತ್ತುವಾಗ ಸುಮಾರು 16 ಕೆಜಿ ದಾಟಬಾರದು ಅಂತ 2007ರಲ್ಲಿ ಸಲಹೆ ಬಂತು. ತೋಟದಲ್ಲಿ ಇದನ್ನು ಹೇಳಿದರೆ ನಗುತ್ತಾರೆ. 50 ಕೆಜಿ ಕಾಫಿ ಮೂಟೆ ಹೊರುವವರು ಅವರು. ಆದರೆ ಮೂಟೆ ಹೆದರಿಕೊಂಡು ಬಾಗಿಲ ಚೌಕಟ್ಟು ಹಿಡಿಯುವುದಿಲ್ಲ, ಅಲ್ವಾ?

ಹಾಗಾಗಿ ನನ್ನ ಲೆಕ್ಕ ಇಷ್ಟೇ: ಜಾರಿಸಲು ಆಗುವಲ್ಲಿ ಎತ್ತಬೇಡ. ನನಗೆ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಸ್ಲೈಡ್ ಶೀಟ್. ನುಣುಪಾದ ನೈಲಾನ್ ಬಟ್ಟೆ, ಮಡಿಸಿದರೆ ಜೇಬಿಗೆ ಹೋಗುತ್ತದೆ. ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಎರಡು ಪದರವಾಗಿ ಕೆಳಗೆ ಹಾಕಬೇಕು. ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ. ಮಂಚದಿಂದ ಸ್ಟ್ರೆಚರ್‌ಗೆ ಎಳೆಯುವಾಗ ತೋಳಿನ ಬಲ ಬೇಡ, ಮೈಯ ಭಾರವನ್ನು ಮುಂದಿನ ಕಾಲಿನಿಂದ ಹಿಂದಿನ ಕಾಲಿಗೆ ಹಾಕಿದರೆ ಸಾಕು. ಎರಡೂ ಒಂದೇ ಎತ್ತರದಲ್ಲಿರಬೇಕು, ಸ್ಟ್ರೆಚರ್ ಬ್ರೇಕ್ ಹಾಕಿರಬೇಕು. ಕೆಲಸ ಮುಗಿದ ಕೂಡಲೇ ಶೀಟ್ ತೆಗೆಯಿರಿ. ಬಿಟ್ಟರೆ ಘಾಟಿ ತಿರುವಿನಲ್ಲಿ ರೋಗಿಯೇ ಜಾರುತ್ತಾರೆ.

ಕರಿಮೆಣಸು ಕೊಯ್ಯುವ ಕಾಲದಲ್ಲಿ ಏಣಿಯಿಂದ ಬಿದ್ದವರ ಕೇಸ್ ಬರುತ್ತದೆ. ಅಲ್ಲಿ ಸ್ಕೂಪ್ ಸ್ಟ್ರೆಚರ್ ಬಿಟ್ಟರೆ ಬೇರೆ ದಾರಿ ನನಗೆ ಕಾಣುವುದಿಲ್ಲ. ಅದು ಉದ್ದಕ್ಕೆ ಎರಡು ಹೋಳಾಗುತ್ತದೆ. ಮೊದಲು ರೋಗಿಯ ಪಕ್ಕದಲ್ಲಿಟ್ಟು ಉದ್ದ ಹೊಂದಿಸಬೇಕು, ಆಮೇಲೆ ಬಿಡಿಸಿ ಒಂದೊಂದು ಹೋಳನ್ನು ಒಂದೊಂದು ಕಡೆಯಿಂದ ತೂರಿಸಬೇಕು. ರೋಗಿಯನ್ನು ಸ್ವಲ್ಪ ಓರೆ ಮಾಡಿದರೆ ಸಾಕು, ಪೂರ್ತಿ ಹೊರಳಿಸುವುದು ಬೇಡ. ತೋಟದ ತರಗೆಲೆಯ ಮೇಲೆ ಅಂಚು ಸಲೀಸಾಗಿ ಹೋಗುತ್ತದೆ. ಕಲ್ಲೋ ಬೇರೋ ಇದ್ದರೆ ನಿಲ್ಲುತ್ತದೆ, ಆಗ ಒತ್ತಬೇಡಿ. ನಾನು ತಲೆಯ ಕಡೆ ಲಾಕ್ ಮೊದಲು ಹಾಕುತ್ತೇನೆ, ಆಮೇಲೆ ಕಾಲಿನ ಕಡೆ. ಬಟ್ಟೆ, ಚರ್ಮ ಸಿಕ್ಕಿಕೊಂಡಿದೆಯಾ ಅಂತ ಬೆರಳಾಡಿಸಿ ನೋಡುತ್ತೇನೆ. ಸ್ಟ್ರಾಪ್ ಹಾಕದೆ ನೆಲ ಬಿಡುವುದಿಲ್ಲ.

ಗಾಡಿಗೆ ಬಂದ ಮೇಲೆ ಸ್ಕೂಪನ್ನು ರೋಗಿಯ ಕೆಳಗೇ ಬಿಡುವವರೂ ಇದ್ದಾರೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಅಷ್ಟು ದೂರ ಗಟ್ಟಿ ಲೋಹದ ಮೇಲೆ ಮಲಗಿದರೆ ಬೆನ್ನು, ಹಿಮ್ಮಡಿ ಎಲ್ಲ ಒತ್ತಿ ನೋಯುತ್ತದೆ. ಗಾಡಿಯ ಸ್ಟ್ರೆಚರ್ ಹಾಸಿಗೆಯ ಮೇಲಿಟ್ಟು ಬಿಡಿಸಿ ಎಳೆದುಕೊಳ್ಳಬಹುದಲ್ಲ, ಅದಕ್ಕೇ ಅಲ್ವಾ ಅದು ಎರಡು ಹೋಳಾಗುವುದು? ಬೆನ್ನುಮೂಳೆ ಅಲುಗದಂತೆ ಮಲಗಿಸುವ ಗಟ್ಟಿ ಹಲಗೆ, ಸ್ಪೈನ್ ಬೋರ್ಡ್, ಅದನ್ನೂ ದಾರಿಯುದ್ದಕ್ಕೂ ರೋಗಿಯ ಕೆಳಗೆ ಬಿಡಬಾರದು. ಕೇಸ್ ಮುಗಿದ ಮೇಲೆ ಲಾಕಿನ ಮಣ್ಣು ತೊಳೆಯಲೇಬೇಕು. ರಕ್ತ ಆಗಿದ್ದರೆ 1 ಪರ್ಸೆಂಟ್ ಹೈಪೋಕ್ಲೋರೈಟ್ ಹಾಕುತ್ತೇವೆ. ಅದು ಅಲ್ಯುಮಿನಿಯಂ ತಿನ್ನುತ್ತದೆ, ಹಾಗಾಗಿ ಆಮೇಲೆ ನೀರಲ್ಲಿ ತೊಳೆದು ಒರೆಸಬೇಕು.

ಎದೆನೋವು, ಉಬ್ಬಸದವರಿಗೆ ಸ್ಟೇರ್ ಚೇರ್, ಅಂದರೆ ಕೂರಿಸಿ ಮೆಟ್ಟಿಲು ಇಳಿಸುವ ಕುರ್ಚಿ, ಒಳ್ಳೆಯದು. ಅವರನ್ನು ನಡೆಸಬಾರದು, ಮಲಗಿಸಿದರೂ ಕೆಲವರಿಗೆ ಉಸಿರು ಕಟ್ಟುತ್ತದೆ. ಆದರೆ ಬೆಲ್ಟ್ ಮೇಲೆ ತಾನೇ ಇಳಿಯುವ ಚೇರ್ ಸಿಮೆಂಟ್ ಮೆಟ್ಟಿಲಿಗೆ ಮಾತ್ರ. ಮಣ್ಣಿನ ಮೆಟ್ಟಿಲಿನಲ್ಲಿ ಅದು ಸುಮ್ನೆ ಭಾರ.

ಅಲ್ಲಿಗೆ ನಾನು ಒಯ್ಯುವುದು ಕ್ಯಾರಿ ಶೀಟ್, ಅಂದರೆ ರೋಗಿಯನ್ನು ಮಲಗಿಸಿ ಸುತ್ತ ಹಿಡಿದು ಹೊರುವ ಬಟ್ಟೆ. ಬೆನ್ನುಮೂಳೆಗೆ ಪೆಟ್ಟಾದವರಿಗೆ, ಸೊಂಟ ಮುರಿದವರಿಗೆ ಇದು ಬೇಡ. ಉಳಿದವರಿಗೆ ಸರಿ. ನಮ್ಮದನ್ನು ಕುಶಾಲನಗರದಲ್ಲಿ ಟಾರ್ಪಾಲ್ ಹೊಲಿಯುವವರ ಹತ್ತಿರ ಮಾಡಿಸಿದೆವು. ದಪ್ಪ ಪಿವಿಸಿ ಬಟ್ಟೆ, ಎಂಟು ಹಿಡಿ. ಹಿಡಿಯನ್ನು ಅಂಚಿಗೆ ಹೊಲಿದರೆ ಕಿತ್ತು ಬರುತ್ತದೆ. ಪಟ್ಟಿ ಒಂದು ಅಂಚಿನಿಂದ ಬೆನ್ನಿನ ಕೆಳಗೆ ಹಾದು ಇನ್ನೊಂದು ಅಂಚಿಗೆ ಬರಬೇಕು. ಮೂರು ಕಾಫಿ ಮೂಟೆ, ಅಂದರೆ 150 ಕೆಜಿ, ಹಾಕಿ ಎತ್ತಿ ಇಳಿಸಿ ನೋಡಿದ ಮೇಲೇ ಗಾಡಿಗೆ ಹಾಕಿದ್ದು. ಅಂಗಡಿಯಲ್ಲಿ ಕೊಳ್ಳುವುದಾದರೆ ತಡೆಯುವ ಭಾರ ಅದರ ಮೇಲೇ ಬರೆದಿರುತ್ತದೆ.

ಹಿಡಿ ಎಂಟಿದ್ದರೆ ಆರು ಜನ ಆದರೂ ಬೇಕು. ಲೈನ್ ಮನೆಯಲ್ಲಿ ಜನಕ್ಕೆ ಕೊರತೆ ಇಲ್ಲ. ಭಾಷೆಯದೇ ತೊಂದರೆ. ಒಬ್ಬರು ಕೊಡವ ತಕ್ಕ್, ಒಬ್ಬರು ಮಲಯಾಳ, ಇನ್ನೊಬ್ಬರು ಅಸ್ಸಾಮಿನಿಂದ ಬಂದವರು. ಅದಕ್ಕೆ ಎತ್ತುವ ಮೊದಲು ಖಾಲಿ ಶೀಟ್ ಹಿಡಿಸಿ "ಒಂದು, ಎರಡು, ಮೂರು" ಅಂತ ಒಮ್ಮೆ ಮಾಡಿಸುತ್ತೇನೆ. ತಲೆಯ ಹತ್ತಿರ ಇರುವವರು ಮಾತ್ರ ಎಣಿಸಬೇಕು, ಉಳಿದವರು ಬಾಯಿ ಮುಚ್ಚಬೇಕು. ಇಳಿಯುವಾಗ ರೋಗಿಯ ಕಾಲು ಮುಂದೆ, ಎತ್ತರದ ಜನ ಕೆಳಗಿನ ಕಡೆ. ಹತ್ತುವಾಗ ತಲೆ ಮುಂದೆ. ಸುಸ್ತಾಗುವ ಮೊದಲೇ ಇಳಿಸಿ ಕೈ ಬದಲಾಯಿಸಿ.

ಗಾಡಿಗೆ ಏರಿಸುವಾಗ ಚಕ್ರದ ಸ್ಟ್ರೆಚರ್‌ನ ಭಾರ ಕಾಲಿನ ಕಡೆ ಇರುವವರ ಸೊಂಟಕ್ಕೇ ಬೀಳುತ್ತದೆ. ಕಾಫಿ ಕಣ ಎತ್ತರದಲ್ಲಿದ್ದರೆ ಪೈಲಟ್ ಗಾಡಿಯ ಹಿಂಭಾಗವನ್ನು ಕಣದ ಅಂಚಿಗೆ ತರುತ್ತಾರೆ. ಲಾರಿಗೆ ಮೂಟೆ ತುಂಬುವ ಜಾಗವೇ ಅದು. ಏರಿಸುವ ಎತ್ತರ ಅರ್ಧಕ್ಕರ್ಧ ಉಳಿಯುತ್ತದೆ. ಹೊರದೇಶದ ಬ್ಯಾಟರಿ ಸ್ಟ್ರೆಚರ್ ತಾನೇ ಏರುತ್ತದೆ, ನಿಜ. ಆದರೆ ರೋಗಿ ಇಲ್ಲದೆಯೇ ಅದರ ತೂಕ 50 ಕೆಜಿ ದಾಟುತ್ತದೆ. ಟಾರ್ ರಸ್ತೆಗೆ ಸರಿ.

ಈಗ ಫೋನಿನಲ್ಲೇ ಕೇಳಿಕೊಳ್ಳುತ್ತೇನೆ. ಗೇಟಿನಿಂದ ಮನೆಗೆ ಎಷ್ಟು ದೂರ, ಹತ್ತುವುದಾ ಇಳಿಯುವುದಾ, ರೋಗಿ ಎಷ್ಟು ದಪ್ಪ, ಎತ್ತಲು ಎಷ್ಟು ಜನ ಇದ್ದಾರೆ. ತೋಟದ ಜೀಪ್ ಮನೆವರೆಗೆ ಹೋಗುತ್ತದೆ ಅಂದರೆ ಗೇಟಿನ ಹತ್ತಿರ ನಿಲ್ಲಿಸಿಡಲು ಹೇಳುತ್ತೇನೆ, ಸ್ಕೂಪ್ ಅದರಲ್ಲೇ ಹೋಗುತ್ತದೆ.