ಹಳ್ಳಿಮನೆಗೆ ಟಿವಿ ಆಂಟೆನಾ ಆರಿಸಿದ ನನ್ನ ಅನುಭವ

ಪೇಟೆಯಿಂದ ದೂರವಿರುವ ನಮ್ಮ ಮನೆಗೆ ಆಂಟೆನಾ ಆರಿಸುವ ಮೊದಲು ನಾನು ಮೂರು ಸಂಗತಿಗಳನ್ನು ತಿಳಿದುಕೊಂಡೆ: ಪ್ರಸಾರ ಗೋಪುರ ಯಾವ ದಿಕ್ಕಿನಲ್ಲಿದೆ, ಎಷ್ಟು ದೂರದಲ್ಲಿದೆ, ಅಲ್ಲಿಂದ ಬರುವ ಚಾನೆಲ್‌ಗಳು ಯಾವ ಆವರ್ತನದಲ್ಲಿವೆ. ನಮಗೆ ಬೇಕಾದ ಚಾನೆಲ್‌ಗಳೆಲ್ಲ ಯುಎಚ್‌ಎಫ್ ಎಂಬ ಆವರ್ತನ ಪಟ್ಟಿಯಲ್ಲಿ, 600 ಮೆಗಾಹರ್ಟ್ಸ್ ಆಸುಪಾಸಿನಲ್ಲಿದ್ದವು. ಅಲ್ಲಿ ಅರ್ಧ ತರಂಗದ ಉದ್ದ ಸುಮಾರು 25 ಸೆಂ.ಮೀ.; ಆಂಟೆನಾದ ಕಡ್ಡಿಗಳೂ ಹೆಚ್ಚುಕಡಿಮೆ ಅಷ್ಟೇ ಉದ್ದವಿರುತ್ತವೆ. ಅದಕ್ಕಿಂತ ಕೆಳಗಿನ ವಿಎಚ್‌ಎಫ್ ಪಟ್ಟಿಯ 200 ಮೆಗಾಹರ್ಟ್ಸ್‌ಗಾದರೆ 75 ಸೆಂ.ಮೀ. ಕಡ್ಡಿಗಳು ಬೇಕಾಗುತ್ತಿದ್ದವು.

ಗೋಪುರ ಸುಮಾರು 40 ಕಿ.ಮೀ. ದೂರದಲ್ಲಿದ್ದುದರಿಂದ ನಾನು ಹೆಚ್ಚು ಯೋಚಿಸಿದ್ದು ಎತ್ತರದ ಬಗ್ಗೆ. ಈ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಭೂಮಿಯ ಬಾಗು ಅವುಗಳಿಗೆ ಒಂದು ಮಿತಿಯನ್ನು ಹಾಕುತ್ತದೆ. ಗೋಪುರ ಮತ್ತು ಆಂಟೆನಾಗಳ ಎತ್ತರವನ್ನು ಮೀಟರಿನಲ್ಲಿ ಹಿಡಿದು, ಎರಡರ ವರ್ಗಮೂಲಗಳನ್ನು ಕೂಡಿಸಿ 4.12ರಿಂದ ಗುಣಿಸಿದರೆ ಆ ಮಿತಿ ಕಿ.ಮೀ.ಗಳಲ್ಲಿ ಸಿಗುತ್ತದೆ. 100 ಮೀಟರ್ ಗೋಪುರಕ್ಕೂ 9 ಮೀಟರ್ ಎತ್ತರದ ಆಂಟೆನಾಕ್ಕೂ ಅದು ಸುಮಾರು 54 ಕಿ.ಮೀ. ಆದರೆ ಇದು ಬಯಲುಸೀಮೆಯ ಲೆಕ್ಕ; ನಡುವೆ ಗುಡ್ಡವಾಗಲಿ ದಟ್ಟ ಮರಗಳಾಗಲಿ ಇದ್ದರೆ ಸಿಗ್ನಲ್ ಇನ್ನೂ ಕುಗ್ಗುತ್ತದೆ, ಎಲೆಗಳು ಮಳೆಯಲ್ಲಿ ನೆನೆದಾಗಲಂತೂ ಮತ್ತಷ್ಟು. ಆದ್ದರಿಂದ ಕಂಬವನ್ನು ಮರಗಳ ಸಾಲಿನಿಂದ ಪಕ್ಕಕ್ಕೆ, ಗೋಪುರದ ದಿಕ್ಕು ತೆರೆದಿರುವ ಮೂಲೆಯಲ್ಲಿ ನಿಲ್ಲಿಸಿದೆ. ನೂರಾರು ಕಿ.ಮೀ. ದೂರದಿಂದ ಸಿಗ್ನಲ್ ಹಿಡಿಯುವುದಾಗಿ ಪೆಟ್ಟಿಗೆಯ ಮೇಲೆ ಬರೆದಿರುವ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಾನು ಆರಿಸಿದ್ದು ಯಾಗಿ ಆಂಟೆನಾ. 1920ರ ದಶಕದಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಉಡಾ ಮತ್ತು ಯಾಗಿ ರೂಪಿಸಿದ ಈ ವಿನ್ಯಾಸದಲ್ಲಿ ಮುಂದಿನ ಕಡ್ಡಿಗಳು ಮತ್ತು ಹಿಂದಿನ ಪ್ರತಿಫಲಕ ಸೇರಿ ಒಂದೇ ದಿಕ್ಕಿನ ಸಿಗ್ನಲ್ಲನ್ನು ಬಲಪಡಿಸುತ್ತವೆ. ಕಡ್ಡಿಗಳು ಹೆಚ್ಚಿದಷ್ಟೂ ಬಲ ಹೆಚ್ಚುತ್ತದೆ, ಹಿಡಿಯುವ ಕೋನ ಕಿರಿದಾಗುತ್ತದೆ. ನಮಗೆ ಒಂದೇ ಗೋಪುರವಿದ್ದುದರಿಂದ ಅದು ಅನುಕೂಲವೇ ಆಯಿತು. ಗೋಪುರಗಳು ಬೇರೆ ಬೇರೆ ದಿಕ್ಕಿನಲ್ಲಿರುವ ಕಡೆ ಇಷ್ಟು ಕಿರಿದಾದ ಆಂಟೆನಾವನ್ನು ನಾನು ಆರಿಸುತ್ತಿರಲಿಲ್ಲ. ಪ್ರಸಾರ ಅಡ್ಡ ಧ್ರುವೀಕರಣದಲ್ಲಿದ್ದುದರಿಂದ, ಅಂದರೆ ತರಂಗದ ವಿದ್ಯುತ್ ಕಂಪನ ನೆಲಕ್ಕೆ ಸಮಾನಾಂತರವಾಗಿದ್ದುದರಿಂದ, ಕಡ್ಡಿಗಳನ್ನೂ ಅಡ್ಡಲಾಗಿಯೇ ಕೂರಿಸಿದೆ.

ಸಿಗ್ನಲ್ಲನ್ನು ವರ್ಧಿಸುವ ಬೂಸ್ಟರ್ ಬಗ್ಗೆ ಬಹಳ ಜನರಿಗೆ ಅತಿಯಾದ ನಂಬಿಕೆಯಿದೆ. ಗದ್ದಲದಲ್ಲಿ (ಸಿಗ್ನಲ್ ಜೊತೆ ಬೆರೆಯುವ ಬೇಡದ ಅಲೆಗಳಲ್ಲಿ) ಮುಳುಗಿಹೋದ ಸಿಗ್ನಲ್ಲನ್ನು ಅದು ಎತ್ತಿಕೊಡಲಾರದು, ಗದ್ದಲವನ್ನೂ ಜೊತೆಗೇ ಹೆಚ್ಚಿಸುತ್ತದೆ. ಕೇಬಲ್‌ನಲ್ಲಿ ಆಗುವ ನಷ್ಟವನ್ನು ತುಂಬುವುದು ಅದರ ನಿಜವಾದ ಕೆಲಸ. 75 ಓಮ್‌ನ ಆರ್‌ಜಿ-6 ಕೇಬಲ್ 30 ಮೀಟರ್ ಇದ್ದರೆ ಈ ಆವರ್ತನದಲ್ಲಿ ಸುಮಾರು 5 ಡೆಸಿಬಲ್, ಅಂದರೆ ಸಿಗ್ನಲ್‌ನ ಮೂರರಲ್ಲಿ ಸುಮಾರು ಎರಡು ಪಾಲು ಶಕ್ತಿ, ದಾರಿಯಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಬೂಸ್ಟರನ್ನು ಟಿವಿಯ ಹಿಂದೆ ಇಡದೆ ಕಂಬದ ಮೇಲೆ, ಆಂಟೆನಾದ ಹತ್ತಿರವೇ ಕಟ್ಟಿದೆ.

ದಿಕ್ಕನ್ನು ಹೊಂದಿಸುವಾಗ ಟಿವಿಯಲ್ಲಿ ಸಿಗ್ನಲ್‌ನ ಬಲಕ್ಕಿಂತ ಗುಣಮಟ್ಟದ ಅಂಕಿಯನ್ನೇ ಗಮನಿಸಿದೆ. ಡಿಜಿಟಲ್ ಪ್ರಸಾರದಲ್ಲಿ ಗುಣಮಟ್ಟ ಒಂದು ಮಟ್ಟಕ್ಕಿಂತ ಇಳಿದರೆ ಚಿತ್ರ ಒಮ್ಮೆಲೇ ಚೂರಾಗುತ್ತದೆ. ಮಳೆಗಾಳಿಯ ದಿನಗಳಿಗೂ ಸಾಲುವಂತೆ ಸ್ವಲ್ಪ ಹೆಚ್ಚುವರಿ ಇರಬೇಕು.

ಕಂಬ ಅಕಸ್ಮಾತ್ ಬಿದ್ದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರವನ್ನು ಕಾಯ್ದುಕೊಂಡೆ. ಕಂಬಕ್ಕೂ ಕೇಬಲ್‌ನ ಹೊರ ಜಾಲರಿಗೂ ಅರ್ಥಿಂಗ್ ಕೊಡಿಸಿ ಅದನ್ನು ಮನೆಯ ಅರ್ಥಿಂಗ್‌ಗೆ ಜೋಡಿಸಿದ್ದೇನೆ. ಸಿಡಿಲು ನೇರವಾಗಿ ಬಡಿದರೆ ಇದರಿಂದ ಪೂರ್ಣ ರಕ್ಷಣೆ ಸಿಗದಾದ್ದರಿಂದ ಗುಡುಗು ಸಮೀಪಿಸುವ ಮೊದಲೇ ಟಿವಿಯಿಂದ ಕೇಬಲ್ ಕಳಚಿಡುತ್ತೇವೆ.