ಹುಬ್ಬಳ್ಳಿ–ಗದಗ ಪ್ಯಾಸೆಂಜರ್ ಗಾಡಿಯಲ್ಲಿ ಟ್ಯೂನ್ ಹುಡುಕಿದ್ದು: ನನ್ನ ಅನುಭವ

ಮೊನ್ನೆ ಒಂದು ನಾಟಕ ತಂಡಕ್ಕೆ ಹಾಡುಗಳ ಟ್ಯೂನ್ ಮಾಡಿ ಕೊಟ್ಟೆ. ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮೊದಲ ಸಲಕ್ಕೇ ಓಕೆ ಆದವು. ಓಕೆ ಆದ ಅಷ್ಟೂ ಹುಟ್ಟಿದ್ದು ಹುಬ್ಬಳ್ಳಿ–ಗದಗ ನಡುವಿನ ಪ್ಯಾಸೆಂಜರ್ ಗಾಡಿಯಲ್ಲಿ. ಒಂದೆರಡು ವರ್ಷದ ಹಿಂದೆ ಈ ಮಾತು ಹೇಳಿದಾಗ ನಮ್ಮ ಕೀಬೋರ್ಡ್ ಗೆಳೆಯ, "ರೊಕ್ಕ ಇಲ್ಲದವರ ವರ್ಲ್ಡ್ ಟೂರ್ ಅದು, ಬಿಡೋ ಮಾರಾಯ" ಅಂತ ನಕ್ಕಿದ್ದ. ಈಗ ಅವನೇ ಫೋನ್ ಮಾಡಿ ಯಾವ ಗಾಡಿ, ಎಷ್ಟೊತ್ತಿಗೆ ಅಂತ ಕೇಳುತ್ತಿದ್ದಾನೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡೋಣ ಅನ್ನಿಸಿತು.

ನನ್ನ ಕಸುಬು ಜಿಂಗಲ್ (ಜಾಹೀರಾತಿನ ಹಾಡು), ಕಿರುಚಿತ್ರ, ರಂಗಗೀತೆ. ಟ್ಯೂನ್ ಬಾರದಿದ್ದಾಗ ನಾವು ಏನು ಮಾಡುತ್ತೇವೆ ಅನ್ನೋದು ಕಸುಬಿನವರಿಗೆ ಗೊತ್ತೇ ಇದೆ. ಹಳೇದರ ಲಯ ತಿರುಗಿಸಿ, ಸ್ಕೇಲ್ ಅರ್ಧ ಏರಿಸಿ, ಕೊಳಲು ತೆಗೆದು ಸಾರಂಗಿ ಹಾಕುತ್ತೇವೆ. ಮೂರನೇ ಸಲಕ್ಕೆ ಕ್ಲೈಂಟೇ ಹಿಡಿದುಬಿಡುತ್ತಾನೆ.

ಆ ಬರಗಾಲದಲ್ಲಿ ನಾನು ಸುರಿದ ದುಡ್ಡಿಗೆ ಲೆಕ್ಕವಿಲ್ಲ. ಮೊದಲು ಸ್ಟ್ರಿಂಗ್ಸ್ ಲೈಬ್ರರಿ (ಕಂಪ್ಯೂಟರಿನಲ್ಲಿ ನುಡಿಸುವ ಪಿಟೀಲು ಮೇಳದ ಸದ್ದುಗಳು) ಕೊಂಡೆ, ಹತ್ತಿರ ಹತ್ತಿರ 40 ಸಾವಿರ. ಸದ್ದು ಭರ್ಜರಿ, ಟ್ಯೂನ್ ಮಾತ್ರ ಅದೇ ಹಳೇದು. ಆಮೇಲೆ ಯಾರೋ "ಪ್ರಕೃತಿಗೆ ಹೋಗು" ಅಂದರು ಅಂತ ಕಡಲ ಪಕ್ಕ ಹೋಂಸ್ಟೇ ಹಿಡಿದೆ. ಊಟ, ಓಡಾಟ ಎಲ್ಲ ಸೇರಿ 18 ಸಾವಿರ. ಅಲೆಯ ಸದ್ದು ಒಂದೇ ಸಮನೆ ಕಿವಿ ತುಂಬಿಕೊಂಡಿರುತ್ತೆ, ಗುನುಗೋಕೂ ಜಾಗ ಬಿಡೋದಿಲ್ಲ. ಮೀನು ತಿಂದು ಮಲಗಿ ವಾಪಸ್ ಬಂದೆ. ಮಳೆಗಾಲದಲ್ಲಿ ಕ್ಯಾಸಲ್‌ರಾಕ್ ದಾಟಿ ದೂಧ್‌ಸಾಗರ ನೋಡಿಕೊಂಡೂ ಬಂದೆ. ಏನು ಚೆಂದ! ಆದರೆ ಆ ದಿನ ನಾಲ್ಕು ಸ್ವರ ಕೂಡ ಹುಟ್ಟಲಿಲ್ಲ. ಕಣ್ಣು ತುಂಬಿದರೆ ಕಿವಿ ಮುಚ್ಚಿಕೊಳ್ಳುತ್ತೆ ಅನ್ನೋದು ನನ್ನ ಲೆಕ್ಕ. ಸ್ಟುಡಿಯೋದಲ್ಲಿ ಕೂತು ಹುಡುಕೋಣ ಅಂದರೆ ಗಂಟೆಗೆ 600 ರೂಪಾಯಿ ಮೀಟರ್ ಓಡುತ್ತಿರುತ್ತೆ, ತಲೆ ಓಡೋದಿಲ್ಲ.

ಗಾಡಿ ಹತ್ತಿದ್ದು ಜಿಪುಣತನಕ್ಕೆ. ಒಂದು ಏಜೆನ್ಸಿ ನನ್ನ ಪೇಮೆಂಟನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡಿತ್ತು. ಅದೇ ಹೊತ್ತಿಗೆ ಗದಗಿನಲ್ಲಿ ತಬಲಾ ಹುಡುಗನೊಬ್ಬನ ಜತೆ ರಿಹರ್ಸಲ್ ಇರುತ್ತಿತ್ತು. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಹುಡುಗ, ಕೈ ಎಷ್ಟು ತಯಾರಿದೆ ಅಂದರೆ ನಾವು ತಪ್ಪಿದರೂ ಠೇಕಾ ತಪ್ಪೋದಿಲ್ಲ. ಬಸ್ಸು ಬೇಗ ಹೋಗುತ್ತೆ, ರೈಲು ಅಗ್ಗ. ಕೊರೊನಾ ಆದಮೇಲೆ ಪ್ಯಾಸೆಂಜರ್ ಗಾಡಿಗೂ ಕನಿಷ್ಠ ದರ 30 ರೂಪಾಯಿ ಮಾಡಿದ್ದರು. 2024ರಲ್ಲಿ ಅದು ಮತ್ತೆ 10ಕ್ಕೆ ಇಳಿಯಿತು. ಗದಗಿನವರೆಗೆ ಒಂದು ಪ್ಲೇಟ್ ಗಿರ್ಮಿಟ್‌ಗಿಂತ ಕಡಿಮೆ.

ದಾರಿ ಸುಮಾರು 58 ಕಿಲೋಮೀಟರ್. ಕುಸುಗಲ್, ಹೆಬಸೂರು, ಅಣ್ಣಿಗೇರಿ, ಹುಲಕೋಟಿ, ಆಮೇಲೆ ಗದಗ. ಒಂದೂವರೆ ಗಂಟೆ. ಎಕ್ಸ್‌ಪ್ರೆಸ್ಸನ್ನೋ ಗೂಡ್ಸನ್ನೋ ಮುಂದೆ ಬಿಡೋಕೆ ನಿಲ್ಲಿಸಿದರೆ ಜಾಸ್ತಿ. ಕಿಟಕಿಯಾಚೆ ಎರೆಭೂಮಿ. ಹತ್ತಿ, ಮೆಣಸಿನಕಾಯಿ, ಚಳಿಗಾಲಕ್ಕೆ ಕಡಲೆ. ಬೆಟ್ಟ ಇಲ್ಲ, ನೀರಿಲ್ಲ, ಫೋಟೋ ತೆಗೆಯುವಂಥದ್ದು ಏನೂ ಇಲ್ಲ. ನನಗೆ ಬೇಕಾಗಿದ್ದೇ ಅದು.

ನಾನು ಮಾಡೋದು ಇಷ್ಟೇ. ಒಂದು ಪ್ರಯಾಣಕ್ಕೆ ಒಂದೇ ರಾಗ, ಒಂದೇ ರೆಕಾರ್ಡಿಂಗ್. ಬೆಳಗಿನ ಗಾಡಿಯಾದರೆ ಜೌನ್‌ಪುರಿ, ತೋಡಿ. ಮಧ್ಯಾಹ್ನವಾದರೆ ಭೀಮ್‌ಪಲಾಸ್, ಪಟದೀಪ್. ಗಾಡಿ ಹೊರಟ ಕೂಡಲೇ ಇಯರ್‌ಫೋನ್ ಹಾಕುತ್ತೇನೆ. ವಿಲಂಬಿತ (ನಿಧಾನ ಲಯದ ಭಾಗ) ಬೆಳೆಯುತ್ತಿರುವಾಗಲೇ, ಹೆಬಸೂರಿನ ಆಸುಪಾಸು, ಆಫ್ ಮಾಡಿ ಬ್ಯಾಗಿಗೆ ಹಾಕುತ್ತೇನೆ. ತಾನ್‌ಗಳ (ವೇಗವಾಗಿ ಓಡುವ ಸ್ವರಗಳ) ತನಕ ಕೇಳಬಾರದು. ತಾನ್ ಕಿವಿಯಲ್ಲಿ ಕೂತರೆ ದಿನವಿಡೀ ಆ ಗಾಯಕರೇ ನಮ್ಮ ಬಾಯಲ್ಲಿ ಹಾಡುತ್ತಾರೆ. ಅರ್ಧಕ್ಕೆ ನಿಲ್ಲಿಸಿದರೆ ಮುಂದಿನದನ್ನು ತಲೆ ತಾನೇ ತುಂಬಿಕೊಳ್ಳೋಕೆ ಶುರು ಮಾಡುತ್ತೆ. ಹಾಡಿಕೆಯ ಯಾವ ಜಾಗದಲ್ಲಿ ಸರಿಯಾಗಿ ನಿಲ್ಲಿಸಬೇಕು ಅನ್ನೋದನ್ನ ಇಲ್ಲಿ ಹೇಳೋದಿಲ್ಲ. ಹೊಟ್ಟೆಪಾಡು, ಕ್ಷಮಿಸಿ.

ನಾಟಕದ ಒಂದು ಹಾಡನ್ನೇ ತೆಗೆದುಕೊಳ್ಳಿ. ಮಗನಿಗೆ ಕಾಯುತ್ತಿರುವ ತಾಯಿಯ ಹಾಡು. ಭೀಮ್‌ಪಲಾಸ್ ಕೇಳಿ ಆಫ್ ಮಾಡಿದ್ದೆ. ಅಣ್ಣಿಗೇರಿ ದಾಟಿದ ಮೇಲೆ ಬಾಯಿಗೆ ಬಂದಿದ್ದು 'ನಿ ಸ ಮ, ಮ ಪ ಗ ಮ ಗ ರಿ ಸ'. ಅದು ರಾಗದ ಮುಖ, ಕಲಿಯುವ ಮಕ್ಕಳೂ ಹಾಡುತ್ತಾರೆ, ಅದರಲ್ಲಿ ನನ್ನದೇನಿದೆ? ಆದರೂ ಗುನುಗುತ್ತಾ ಇದ್ದೆ. ಇಳಿದು ಬಂದು ಇನ್ನೇನು ಸ ಮುಟ್ಟಬೇಕು, ಅಷ್ಟರಲ್ಲಿ ಪಕ್ಕದಲ್ಲೇ ಒಬ್ಬ "ಶೇಂಗಾ, ಶೇಂಗಾ, ಬಿಸಿ ಶೇಂಗಾ" ಅಂತ ಕೂಗಿದ. ನಾನು ರಿ ಮೇಲೇ ನಿಂತುಬಿಟ್ಟೆ. ಅವನು ಮುಂದೆ ಹೋದ ಮೇಲೆ ಸ ಹಿಡಿದೆ. ಆ ತಡವೇ ಹಾಡಾಯಿತು. ಈಗ ರಿ ಮೇಲೆ ಒಂದೂವರೆ ಮಾತ್ರೆ (ತಾಳದ ಎಣಿಕೆ) ನಿಂತು, ಸ ಮುಂದಿನ ಸಾಲಿನ ಮೊದಲ ಅಕ್ಷರಕ್ಕೆ ಬರುತ್ತೆ. ತಾಯಿ ಬಾಗಿಲು ನೋಡಿ ಸುಮ್ಮನಾದ ಹಾಗೆ ಕೇಳುತ್ತೆ ಅಂತ ನಿರ್ದೇಶಕರು ಹೊಗಳಿದರು. ಶೇಂಗಾ ವಿಷಯ ನಾನು ಹೇಳಲಿಲ್ಲ.

ಇನ್ನೊಂದು ನಿಯಮ: ಹೊಳೆದ ಕೂಡಲೇ ರೆಕಾರ್ಡ್ ಮಾಡೋದಿಲ್ಲ. ಗದಗಿನಲ್ಲಿ ಇಳಿದು, ಬದನೆಕಾಯಿ ಬಜ್ಜಿ ತಿಂದು ಮುಗಿಸುವ ತನಕ ಆ ಸಾಲು ನೆನಪಿನಲ್ಲಿ ಉಳಿದರೆ ಮಾತ್ರ ಫೋನ್ ತೆಗೆಯುತ್ತೇನೆ. ಹತ್ತರಲ್ಲಿ ಎರಡು ಉಳಿದರೆ ಹೆಚ್ಚು. ವಾಪಸ್ ಗಾಡಿ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್ ಮೇಲೆ ಇನ್ನೊಂದು ಕೆಲಸ ಮಾಡುತ್ತೇನೆ, ಅಂತರಾ (ಹಾಡಿನ ಎರಡನೇ ಭಾಗ) ಕೂರೋದು ಅದರಿಂದ. ಅದನ್ನೂ ಸದ್ಯಕ್ಕೆ ಹೇಳೋದಿಲ್ಲ.

ರೈಲಿನ ಗದ್ದಲದಲ್ಲಿ ಎಂಥ ಸಂಗೀತ ಅಂದವರಿಗೆ ನನ್ನ ಹತ್ತಿರ ಒಂದೇ ಉತ್ತರ. ಗಂಗೂಬಾಯಿ ಹಾನಗಲ್ ಅವರು ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಓಡಾಡಿದ್ದು ರೈಲಿನಲ್ಲೇ. ಆ ಆಸೆಗೆ ನಾನೂ ಕುಂದಗೋಳದ ದಾರಿ ಪ್ರಯತ್ನಿಸಿದೆ. ತೀರಾ ಹತ್ತಿರ. ರಾಗ ಕಿವಿಯಲ್ಲಿ ಇಳಿಯೋದರೊಳಗೆ ಸ್ಟೇಷನ್ ಬಂದುಬಿಡುತ್ತೆ. ಶಿವಮೊಗ್ಗ–ತಾಳಗುಪ್ಪ ಕೂಡ ನೋಡಿದೆ. ಅಲ್ಲಿ ಹಸಿರು ಜಾಸ್ತಿ. ಮೇಲಾಗಿ ಅರಸಾಳು ಬಂದರೆ ಎಲ್ಲರೂ ಶಂಕರ್‌ನಾಗ್ ಅವರ ಮಾಲ್ಗುಡಿ ಸ್ಟೇಷನ್ ಅಂತ ಕಿಟಕಿಗೆ ಮುತ್ತಿಕೊಳ್ಳುತ್ತಾರೆ. ನಾನೂ ಮುತ್ತಿಕೊಂಡೆ.

ನಡುವೆ ಗಾಲಿ ಸದ್ದನ್ನೇ ತಾಳ ಮಾಡಿಕೊಳ್ಳೋಣ ಅನ್ನೋ ಹುಚ್ಚು ಹತ್ತಿತ್ತು. ಲೆಕ್ಕ ಚೆನ್ನಾಗಿಯೇ ಇತ್ತು. ಹಳೇ ಕಾಲದ 13 ಮೀಟರ್ ಹಳಿ, ಗಾಡಿ 45 ಕಿಲೋಮೀಟರ್ ವೇಗ, ಅಂದರೆ ಹೆಚ್ಚುಕಮ್ಮಿ ಸೆಕೆಂಡಿಗೊಂದು ಜಾಯಿಂಟ್. ಹತ್ತಿರ ಹತ್ತಿರ 60 ಬಿಪಿಎಂ (ನಿಮಿಷಕ್ಕೆ 60 ಪೆಟ್ಟು)! ಒಂಬತ್ತು ಸಾವಿರ ಕೊಟ್ಟು ಸೆಕೆಂಡ್‌ಹ್ಯಾಂಡ್ ರೆಕಾರ್ಡರ್ ತಂದೆ. ಆದರೆ ಈಗ ಹಳಿಗಳನ್ನೆಲ್ಲ ಉದ್ದಕ್ಕೂ ವೆಲ್ಡ್ ಮಾಡಿರುತ್ತಾರೆ, ಟಕಟಕ ಎಲ್ಲಿಂದ ಬರಬೇಕು? ಸ್ಟೇಷನ್ ಒಳಗೆ ಹೋಗುವಾಗ ಹಳಿ ಬದಲಾಗುವ ಪಾಯಿಂಟ್ಸ್ ಮೇಲೆ ನಾಲ್ಕು ಸಲ ಬಡಿಯುತ್ತೆ, ಮುಗಿಯಿತು. ಮಿಕ್ಕಿದ್ದೆಲ್ಲ ಫ್ಯಾನ್ ಸದ್ದು ಮತ್ತು ಮದುವೆ ಮಾತುಕತೆ. ರೆಕಾರ್ಡರ್ ಆರು ಸಾವಿರಕ್ಕೆ ಹೋಯಿತು.

ಅದೇ ಹುಚ್ಚಿನಲ್ಲಿ ಒಂದು ಲಾಭವೂ ಆಯಿತು. ನಮ್ಮ ಗಾಡಿ ನಿಂತಿದ್ದಾಗ ಪಕ್ಕದ ಲೈನಿನಲ್ಲಿ ಎಕ್ಸ್‌ಪ್ರೆಸ್ ಹಾರ್ನ್ ಹೊಡೆಯುತ್ತಾ ಹೋದರೆ ಸ್ವರ ಜಾರಿ ಇಳಿಯೋದನ್ನ ಎಲ್ಲರೂ ಕೇಳಿರುತ್ತೀರಿ. ಎಷ್ಟು ಇಳಿಯುತ್ತೆ ಅಂತ ಕೂತು ಲೆಕ್ಕ ಹಾಕಿದೆ. 70 ಕಿಲೋಮೀಟರ್ ವೇಗಕ್ಕೆ ಅನುಪಾತ ಹತ್ತಿರ ಹತ್ತಿರ 9:8, ಅಂದರೆ ಶುದ್ಧ ರಿಯಿಂದ ಸ ಕಡೆಗೆ ಒಂದು ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು). ಗಾಡಿ ಇನ್ನೂ ಜೋರಾಗಿದ್ದರೆ ಗಂಧಾರದ ಕಡೆಯಿಂದ ಇಳಿಯುತ್ತೆ. ಆ ಮೀಂಡನ್ನು ಶಹನಾಯಿಯಲ್ಲಿ ಎತ್ತಿ ಒಂದು ಬಟ್ಟೆ ಅಂಗಡಿಯ ಜಿಂಗಲ್‌ಗೆ ಹಾಕಿದೆ. ಮದುವೆ ಸೀರೆಯ ಜಾಹೀರಾತು ಅದು. ಅಂಗಡಿಯವರಿಗೆ ಇವತ್ತಿಗೂ ಅದು ಗಾಡಿಯ ಹಾರ್ನ್ ಅಂತ ಗೊತ್ತಿಲ್ಲ.

ಬಸ್ಸಿನಲ್ಲಿ ಯಾಕಾಗೋದಿಲ್ಲ ಅಂತ ಕೇಳುವವರಿದ್ದಾರೆ. ಡ್ರೈವರ್ ಗೇರ್ ಬದಲಾಯಿಸಿದಾಗೆಲ್ಲ ಇಂಜಿನ್ ಶ್ರುತಿ ಬದಲಾಗುತ್ತೆ, ಗುನುಗುತ್ತಿರುವ ನಮ್ಮ ಷಡ್ಜವೂ ಅದರ ಹಿಂದೆ ಓಡುತ್ತೆ. ಕಪ್ಪು ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ) ಶುರು ಮಾಡಿದವನು ಅಣ್ಣಿಗೇರಿ ಬರುವ ಹೊತ್ತಿಗೆ ಎಲ್ಲಿದ್ದೆನೋ ದೇವರಿಗೇ ಗೊತ್ತು.

ಈಗ ತಿಂಗಳಿಗೆ ಟಿಕೆಟ್, ಚಹಾ, ಬಜ್ಜಿ ಎಲ್ಲ ಸೇರಿ 500–600 ಖರ್ಚು. ಮುಖಡಾ (ಹಾಡಿನ ಮೊದಲ ಸಾಲು) ಕೈಯಲ್ಲಿ ಹಿಡಿದೇ ಸ್ಟುಡಿಯೋಗೆ ಹೋಗೋದರಿಂದ ಹಾಡಿಗೆ ಆರೇಳು ಸಾವಿರ ಬರುತ್ತಿದ್ದ ಬಿಲ್ ಎರಡು, ಎರಡೂವರೆಗೆ ಇಳಿದಿದೆ. ಜಿಂಗಲ್‌ಗೆ 12 ಸಾವಿರ ತೆಗೆದುಕೊಳ್ಳುತ್ತಿದ್ದವನು ಈಗ 18 ಹೇಳುತ್ತೇನೆ, ಚೌಕಾಶಿ ಮಾಡಿ 16 ಕೊಡುತ್ತಾರೆ.

ಹೋಗುವವರು ಸೋಮವಾರ ಬಿಡಿ, ಕೂರೋಕೆ ಜಾಗ ಸಿಗೋದಿಲ್ಲ. ಮಧ್ಯಾಹ್ನದ ಗಾಡಿಯಾದರೆ ಗದಗಿನ ಕಡೆ ಮುಖ ಮಾಡಿ ಎಡಗಡೆ ಕಿಟಕಿ ಹಿಡಿಯಿರಿ, ಬಲಗಡೆ ಬಿಸಿಲು. ಫೋನ್ ಫ್ಲೈಟ್ ಮೋಡ್‌ನಲ್ಲಿರಲಿ. ಬಜ್ಜಿ ತಿಂದ ಮೇಲೆ ಕೈ ಒರೆಸಿಕೊಳ್ಳೋಕೆ ಒಂದು ಬಟ್ಟೆ ಇಟ್ಟುಕೊಳ್ಳಿ. ಎಣ್ಣೆ ಬೆರಳಿಗೆ ರೆಕಾರ್ಡ್ ಬಟನ್ ಸರಿಯಾಗಿ ಒತ್ತೋದಿಲ್ಲ.