ಅಪಘಾತದ ನಂತರ ಕೈನೋವಾ? ಸೂಜಿಗೆ ಮೊದಲು ಪೆನ್ನು ಹಿಡಿಯಿರಿ

ಸಿಗ್ನಲ್‌ನಲ್ಲಿ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಗುದ್ದಿತು. ಎರಡೂ ಕೈ ಸ್ಟೀರಿಂಗ್ ಮೇಲೆ ಬಿಗಿಯಾಗಿದ್ದವು. ಆ ದಿನ ಏನೂ ಅನ್ನಿಸಲಿಲ್ಲ. ಮಾರನೇ ಬೆಳಿಗ್ಗೆ ತಲೆ ಬಾಚೋಣ ಅಂತ ಬಲಗೈ ಎತ್ತಿದರೆ, ಅದು ಕಿವಿಯ ಹತ್ತಿರವೇ ನಿಂತುಬಿಟ್ಟಿತು. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿತ್ತು. ಮೂರು ವಾರ ಮಾತ್ರೆ ನುಂಗಿದ ಮೇಲೂ ನೋವು ಉಳಿದಿದ್ದರಿಂದ ಅಕ್ಯುಪಂಕ್ಚರ್‌ಗೆ, ಅಂದರೆ ಸೂಜಿ ಚಿಕಿತ್ಸೆಗೆ ಹೋದೆ.

ಅಲ್ಲಿ ನಾನೇ ಒಂದು ತಪ್ಪು ಮಾಡಿದೆ. "ಮೊಣಕೈ ನೋವು" ಅಂದೆ. ಅವರೂ ಜಾಸ್ತಿ ಕೇಳದೆ ಮೊಣಕೈ ಸುತ್ತ ಸೂಜಿ ಹಾಕಿದರು. ಮೂರು ಸಲ ಹೋದೆ, ಮೂರು ಸಲವೂ ಹಾಗೇ ವಾಪಸ್ ಬಂದೆ. ಆಮೇಲೆ ನೋಡಿದ ಇನ್ನೊಬ್ಬ ಸೂಜಿ ಚಿಕಿತ್ಸಕರು ಸೂಜಿ ಮುಟ್ಟುವ ಮೊದಲೇ, "ಯಾವ ಬೆರಳಿಗೆ ಜುಮ್ ಅನ್ನುತ್ತೆ?" ಅಂತ ಕೇಳಿದರು. ಹೆಬ್ಬೆರಳು ಮತ್ತು ತೋರುಬೆರಳು ಅಂದೆ. ಕುತ್ತಿಗೆ ಬಲಕ್ಕೆ ತಿರುಗಿಸಿ ಹಿಂದಕ್ಕೆ ಬಾಗಿಸಲು ಹೇಳಿದರು. ನೋವು ಕೈಯುದ್ದಕ್ಕೂ ಹರಿಯಿತು. ಅವರು ಅವತ್ತು ಸೂಜಿ ಹಾಕಲಿಲ್ಲ, ಡಾಕ್ಟರ್ ಹತ್ತಿರ ವಾಪಸ್ ಕಳಿಸಿದರು. ಕುತ್ತಿಗೆಯಲ್ಲಿ ಒಂದು ನರ ಒತ್ತಿಕೊಂಡಿತ್ತು. ನೋವು ಕಾಣಿಸಿದ್ದು ಮೊಣಕೈಯಲ್ಲಿ, ಹುಟ್ಟಿದ್ದು ಕುತ್ತಿಗೆಯಲ್ಲಿ.

ಅದಕ್ಕೇ ಹೇಳುತ್ತೇನೆ, ಮೊದಲು ಒಂದು ಹಾಳೆಯ ಮೇಲೆ ನಿಮ್ಮ ಕೈಯ ಚಿತ್ರ ಬರೆಯಿರಿ. ಚೆನ್ನಾಗಿ ಬರಬೇಕಾಗಿಲ್ಲ, ನನ್ನದು ಸೋರೆಕಾಯಿ ಥರ ಇತ್ತು. ನೋವಿರುವ ಕಡೆ ಗೀಟು, ಜುಮ್ ಅನ್ನುವ ಕಡೆ ಚುಕ್ಕಿ, ಸ್ಪರ್ಶ ಗೊತ್ತಾಗದ ಕಡೆ ಸೊನ್ನೆ ಹಾಕಿ. ಬೆರಳುಗಳನ್ನು ಬಿಡಬೇಡಿ. ಕುತ್ತಿಗೆಯ ಆರನೇ ನರ ಸಾಮಾನ್ಯವಾಗಿ ಹೆಬ್ಬೆರಳ ಕಡೆಗೆ, ಏಳನೆಯದು ನಡುಬೆರಳಿಗೆ, ಎಂಟನೆಯದು ಕಿರುಬೆರಳಿಗೆ ಹೋಗುತ್ತದೆ. ನಿಮ್ಮ ಚುಕ್ಕಿಗಳೇ ದಾರಿ ತೋರಿಸುತ್ತವೆ. ಯಾವ ಚಲನೆಗೆ ನೋವು ಜಾಸ್ತಿ, ರಾತ್ರಿ ಎಚ್ಚರವಾಗುತ್ತಾ, ಗುದ್ದಿದಾಗ ಕೈ ಎಲ್ಲಿತ್ತು ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ.

ಕೆಲವು ಸಂದರ್ಭದಲ್ಲಿ ಈ ಹಾಳೆಯೂ ಬೇಡ, ನೇರ ಆಸ್ಪತ್ರೆಗೆ ಹೋಗಿ. ಕೈಯಲ್ಲಿ ಹಿಡಿದದ್ದು ಬೀಳುತ್ತಿದ್ದರೆ, ಬೆರಳು ತಣ್ಣಗಾಗಿ ನೀಲಿಯಾದರೆ, ಊದಿ ಬಿಗಿದ ಕೈಯ ನೋವು ಗಂಟೆಗಂಟೆಗೂ ಏರುತ್ತಿದ್ದರೆ, ನಡಿಗೆ ತಡವರಿಸಿದರೆ, ಮೂತ್ರದ ಹಿಡಿತ ತಪ್ಪಿದರೆ, ಕೈನೋವಿನ ಜೊತೆ ಎದೆ ಬಿಗಿದರೆ ಕಾಯಬೇಡಿ. ಇನ್ನೊಂದು ಮಾತು. ಬಿದ್ದಾಗ ಅಂಗೈ ಊರಿದವರಿಗೆ ಹೆಬ್ಬೆರಳ ಬುಡದ ಗುಳಿಯಲ್ಲಿ ನೋವಿದ್ದರೆ, ಅಲ್ಲಿನ ಸ್ಕೇಫಾಯ್ಡ್ ಅನ್ನುವ ಪುಟ್ಟ ಮೂಳೆ ಬಿರುಕು ಬಿಟ್ಟಿರಬಹುದು. ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು. 10ರಿಂದ 14 ದಿನಗಳ ನಂತರ ಇನ್ನೊಮ್ಮೆ ತೆಗೆಸುವುದು ಅದಕ್ಕೇ. ಬಿರುಕಿನ ಮೇಲೆ ಸೂಜಿ ಹಾಕಿಸಿಕೊಂಡು ಏನು ಪ್ರಯೋಜನ, ಅಲ್ವಾ?

ಸೂಜಿ ಹಾಕುವವರನ್ನು ಆರಿಸುವಾಗ ಅವರ ತರಬೇತಿ ಕೇಳಿ. ಸೂಜಿ ಒಂದೇ ಬಳಕೆಯದಾ ನೋಡಿ, ಸೀಲ್ ನಿಮ್ಮ ಎದುರೇ ಒಡೆಯಲಿ. ನಿಮ್ಮ ಕಡೆಯಿಂದಲೂ ಮುಚ್ಚಿಡದೆ ಹೇಳಿ: ರಕ್ತ ತೆಳುವಾಗಿಸುವ ಮಾತ್ರೆ ಇದೆಯಾ, ಪೇಸ್‌ಮೇಕರ್ ಇದೆಯಾ, ಕೈಯೊಳಗೆ ಪ್ಲೇಟ್ ಇದೆಯಾ, ಗರ್ಭಿಣಿಯಾ, ಕಂಕುಳಿನ ಲಿಂಫ್ ಗಂಟು ತೆಗೆಸಿದ್ದೀರಾ. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟ್ ಕೊಡುವ ವಿಧಾನ ಬೇಡ. ಗರ್ಭಿಣಿಯರಿಗೆ ಹೆಬ್ಬೆರಳು-ತೋರುಬೆರಳ ನಡುವಿನ ಎಲ್‌ಐ 4 ಅನ್ನುವ ಸೂಜಿ ಬಿಂದುವನ್ನು ವಾಡಿಕೆಯಾಗಿ ಬಿಡುತ್ತಾರೆ.

ಹೋಗುವ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತುತ್ತದೆ. ತೋಳು ಭುಜದವರೆಗೆ ಏರಿಸಲು ಆಗುವ ಬಟ್ಟೆ ಹಾಕಿ. ಮೊದಲ ಸಲ ಮಲಗಿಯೇ ಹಾಕಿಸಿಕೊಳ್ಳಿ. ನಾನು ಕೂತು ಹಾಕಿಸಿಕೊಂಡೆ, ಕಣ್ಣು ಕತ್ತಲೆ ಬಂತು. ಸೂಜಿ ಕಂಡರೆ ಭಯ ಅನ್ನುವವರಿಗೆ: ಇದರ ದಪ್ಪ ಸುಮಾರು 0.25 ಮಿಲಿಮೀಟರ್. ರಕ್ತ ತೆಗೆಯುವ ಸೂಜಿ ಸುಮಾರು 0.8. ಒಳಗೆ ಹೋದ ಮೇಲೆ ಭಾರ, ಎಳೆತ, ಮಂದ ನೋವು ಬರುತ್ತದೆ. ಅದಕ್ಕೆ ದೇ-ಚಿ ಅನ್ನುತ್ತಾರೆ. ಅದು ಸರಿ. ಬೆರಳ ತುದಿವರೆಗೆ ಕರೆಂಟ್ ಹೊಡೆದಂತಾದರೆ ಸುಮ್ನೆ ಸಹಿಸಬೇಡಿ, ತಕ್ಷಣ ಹೇಳಿ. ನರಕ್ಕೆ ತಾಗಿರಬಹುದು. ನನಗೆ ಕುತ್ತಿಗೆಯ ಪಕ್ಕ, ಭುಜದ ಹಿಂದೆ, ಮೊಣಕೈ ಮಡಿಕೆಯ ಹೊರತುದಿಯ ಎಲ್‌ಐ 11 ಬಿಂದು, ಮಣಿಕಟ್ಟಿನ ಮೇಲೆ ಹೀಗೆ ಎಂಟು ಸೂಜಿ ಹಾಕಿ 25 ನಿಮಿಷ ಬಿಟ್ಟರು. ಭುಜದ ನೆತ್ತಿಯಲ್ಲಿ ಹಾಕುವಾಗ ಮಾತ್ರ ಅಲುಗಾಡಬೇಡಿ. ಅದರ ಕೆಳಗೇ ಶ್ವಾಸಕೋಶದ ತುದಿ ಇದೆ. ಸೂಜಿ ಅದಕ್ಕೆ ತಾಗುವುದು ಅಪರೂಪ, ಆದರೂ ಚಿಕಿತ್ಸೆಯಾದ ಕೆಲವು ಗಂಟೆಗಳ ಮೇಲೂ ಎದೆ ಚುಚ್ಚಿ ಉಸಿರು ಕಟ್ಟಿದರೆ ತುರ್ತು ವಿಭಾಗಕ್ಕೆ ಓಡಿ.

ಮುಗಿದ ಮೇಲೆ ಚಿಕ್ಕ ನೀಲಿ ಕಲೆ, ಮಂಪರು ಸಾಮಾನ್ಯ. ಮಂಪರಿದ್ದರೆ ಗಾಡಿ ಓಡಿಸಬೇಡಿ. ಒಂದು ಅಪಘಾತ ಸಾಕು.

ಇದು ನಿಜವಾಗಿ ಕೆಲಸ ಮಾಡುತ್ತಾ? 2018ರಲ್ಲಿ 39 ಪ್ರಯೋಗಗಳ 20,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದ ಅಧ್ಯಯನವೊಂದು ಬಂತು. ದೀರ್ಘಕಾಲದ ಕುತ್ತಿಗೆ, ಬೆನ್ನು, ಭುಜದ ನೋವುಗಳಿಗೆಲ್ಲ ಸೂಜಿ ಹಾಕಿಸಿಕೊಂಡವರಿಗೆ ಹಾಕಿಸಿಕೊಳ್ಳದವರಿಗಿಂತ ಆರಾಮ ಸಿಕ್ಕಿತ್ತು. ಆದರೆ ನಕಲಿ ಸೂಜಿಗೆ (ಹಾಕಿದಂತೆ ಮಾಡುವುದು, ಇಲ್ಲವೇ ಬೇರೆ ಜಾಗದಲ್ಲಿ ಹಾಕುವುದು) ಹೋಲಿಸಿದಾಗ ವ್ಯತ್ಯಾಸ ಕಡಿಮೆಯೇ. ಅಂದರೆ ನೋವು ಇಳಿಯಬಹುದು, ಹರಿದ ಸ್ನಾಯು ಅಥವಾ ಒತ್ತಿದ ನರ ಸೂಜಿಯಿಂದ ಸರಿಹೋಗುತ್ತೆ ಅಂತಲ್ಲ. ನಾನು ಫಿಸಿಯೋಥೆರಪಿ ಬಿಡಲಿಲ್ಲ. ಸೂಜಿ ಹಾಕಿದ ಸಂಜೆ ಕೈ ಹಗುರವಿದ್ದಾಗ ವ್ಯಾಯಾಮ ಸಲೀಸು, ನನಗೆ ಸಿಕ್ಕ ದೊಡ್ಡ ಲಾಭ ಅದೇ.

"ಪರವಾಗಿಲ್ಲ ಅನ್ಸುತ್ತೆ" ಅನ್ನುವ ಲೆಕ್ಕ ನಂಬಬೇಡಿ. ಮಾಡಲು ಆಗದ ಒಂದು ಕೆಲಸ ಆರಿಸಿ, ಪ್ರತಿ ಸಲದ ಮರುದಿನ ಅದನ್ನೇ ಮಾಡಿ ಬರೆಯಿರಿ. ನನ್ನದು ಬಾಚಣಿಗೆ. ಮೊದಲ ಸಲ ಕಿವಿ, ಮೂರನೇ ಸಲ ಹಣೆಯ ಕೂದಲು, ಆರಕ್ಕೆ ನೆತ್ತಿ. ಆರು ಸಲವಾದರೂ ನಿಮ್ಮ ಪಟ್ಟಿ ಕದಲದಿದ್ದರೆ ಏಳನೆಯದಕ್ಕೆ ಹಣ ಕೊಡಬೇಡಿ. ಹಾಳೆ ಹಿಡಿದು ಡಾಕ್ಟರ್ ಹತ್ತಿರ ಹೋಗಿ. ದಿನಾಂಕವಿರುವ ರಸೀದಿಗಳನ್ನೂ ಅದರ ಜೊತೆಗೇ ಪಿನ್ ಮಾಡಿ. ವಿಮೆಯವರು ಕೇಳಿದಾಗ ನಾನು ಡ್ರಾಯರ್‌ಗಳನ್ನೆಲ್ಲ ಹುಡುಕಿದ್ದೆ, ಅದೂ ಎಡಗೈಯಲ್ಲಿ.